ಅಟ್ಲಾಂಟಿಕ್‌ಗೆ ಬಿದ್ದ ಆ ಏರ್ ಫ್ರಾನ್ಸ್ ವಿಮಾನದ ಅಲಾರಂ ಸುಮ್ಮನಾಗಿದ್ದು ಯಾವಾಗ ಗೊತ್ತಾ?

ನಿನ್ನೆ ನಾಮಕರಣದ ಪಂಕ್ತಿಯಲ್ಲಿ ಪಕ್ಕದ ಎಲೆಯ ಯಜಮಾನರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಆ ಏರ್ ಫ್ರಾನ್ಸ್ ಪೈಲಟ್ ದಡ್ಡ ಕಣ್ರೀ, ಸ್ಟಾಲ್ ಸ್ಟಾಲ್ ಅಂತ ಬಡ್ಕೊಳ್ತಿದ್ರೂ ಮೂತಿ ಮೇಲಕ್ಕೇ ಎತ್ತಿದ್ದಾನೆ” ಅಂದರು. ಸ್ಟಾಲ್ ಅಂದರೆ ಮೂತಿ ಅತಿಯಾಗಿ ಎತ್ತಿ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಕುಸಿಯೋದು; ಮೂತಿ ತಗ್ಗಿಸಬೇಕು ಅಂತಲೇ ಅಲಾರಂ ಕೂಗೋದು. ಯಾವುದೋ ವಿಡಿಯೋ ನೋಡಿರಬೇಕು. ನಾನು ಸುಮ್ನೆ ಉಂಡು ಎದ್ದೆ. ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ. ಅರ್ಧ ಆಯಸ್ಸು ಬಾಯ್ಲರ್ ಮೀಟರ್ ಒರೆಸಿಕೊಂಡು ಕಳೆದವನು ನಾನು, ನಿಮಗೆ ಗೊತ್ತೇ ಇದೆ.

2009ರ ಜೂನ್ 1. ರಿಯೋದಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ330, ಒಳಗೆ 228 ಜನ. ವಿಮಾನದ ವೇಗ ಅಳೆಯೋದು ಮೂತಿಯ ಹತ್ತಿರ ಮುಂದಕ್ಕೆ ಚಾಚಿಕೊಂಡಿರುವ ಪಿಟೋ ಕೊಳವೆಗಳು. ನುಗ್ಗಿ ಬರುವ ಗಾಳಿಯ ಒತ್ತಡವೇ ಲೆಕ್ಕ, ಅಷ್ಟೇ. ಅಟ್ಲಾಂಟಿಕ್ ಮೇಲೆ 35,000 ಅಡಿ ಎತ್ತರದಲ್ಲಿ ಆ ಕೊಳವೆಗಳ ಬಾಯಿಗೆ ಮಂಜಿನ ಹರಳು ಕಟ್ಟಿಕೊಂಡಿತು. ವೇಗದ ಅಂಕಿ ಕೆಟ್ಟಿತು, ತಾನೇ ವಿಮಾನ ಹಾರಿಸುತ್ತಿದ್ದ ಆಟೋಪೈಲಟ್ ಕೈಬಿಟ್ಟಿತು.

ಇನ್ನು ಅಲಾರಂ ಕಥೆ. ಒಮ್ಮೆ ಶುರುವಾಗಿ 54 ಸೆಕೆಂಡು ಒಂದೇ ಸಮನೆ ಕೂಗಿದೆ. ಆಮೇಲೆ ಸುಮ್ಮನಾಗಿದೆ. ವಿಮಾನ ಸರಿಹೋಗಿದ್ದಕ್ಕಲ್ಲ ಸ್ವಾಮಿ, ಇನ್ನೂ ಕೆಟ್ಟಿದ್ದಕ್ಕೆ! ಅಳತೆಯ ವೇಗ 60 ನಾಟ್‌ಗಿಂತ (ಗಂಟೆಗೆ ಸುಮಾರು 110 ಕಿ.ಮೀ.) ಕೆಳಗಿಳಿದರೆ, ರೆಕ್ಕೆಗೆ ಗಾಳಿ ಯಾವ ಕೋನದಲ್ಲಿ ಬಡಿಯುತ್ತಿದೆ ಅನ್ನೋ ಅಂಕಿಯನ್ನೇ ಕಂಪ್ಯೂಟರ್ ನಂಬುವುದಿಲ್ಲ. ಆ ಅಂಕಿ ಇಲ್ಲದೆ ಅಲಾರಂ ಇಲ್ಲ. ಮೂತಿ ಸ್ವಲ್ಪ ತಗ್ಗಿಸಿದಾಗ ಅಂಕಿ ಮತ್ತೆ ಬಂತು, ಅಲಾರಂ ಮತ್ತೆ ಕೂಗಿತು. ಅಂದರೆ ಸರಿ ಮಾಡಿದರೆ ಬೈಗುಳ, ತಪ್ಪು ಮಾಡಿದರೆ ಮೌನ. ಮನೇಲಿ ಮಗುವನ್ನ ಹೀಗೆ ಬೆಳೆಸಿ ನೋಡಿ.

ಕೊಳವೆಯ ಮಂಜು ಒಂದು ನಿಮಿಷದೊಳಗೇ ಬಿಟ್ಟುಕೊಂಡಿತಲ್ಲ, ಆಮೇಲೂ ಯಾಕೆ ಮೂತಿ ಎತ್ತೋ ಹಾಗೆ ಸ್ಟಿಕ್ ಎಳೆದ ಅಂತೀರಿ. ಎಳೆದದ್ದು ತಪ್ಪೇ, ಫ್ರಾನ್ಸಿನ ತನಿಖಾ ವರದಿಯೂ ಅದನ್ನ ಮುಚ್ಚಿಟ್ಟಿಲ್ಲ. ಆದರೆ ಆಗಷ್ಟೇ ಸುಳ್ಳು ಹೇಳಿದ ಮೀಟರು ಈಗ ನಿಜ ಹೇಳ್ತಿದೆ ಅಂತ ಕತ್ತಲಲ್ಲಿ ಕೂತವನಿಗೆ ಹೇಳಿದವರು ಯಾರು? ಆಟೋಪೈಲಟ್ ಬಿಟ್ಟಾಗಿನಿಂದ ನೀರಿಗೆ ಬೀಳುವವರೆಗೆ ಐದು ನಿಮಿಷವೂ ಇರಲಿಲ್ಲ. ತುಪ್ಪ ಹಾಕಿಸಿಕೊಂಡಷ್ಟು ಸುಲಭ ಅಲ್ಲ ಅದು.

ಇಷ್ಟೆಲ್ಲಾ ಯಾಕೆ ಉರೀತಿದೆ ಅಂತ ಹೇಳಿಬಿಡ್ತೀನಿ. ಒಂದು ಸಲ ನಮ್ಮ ಬಾಯ್ಲರಿನ ನೀರಿನ ಮಟ್ಟದ ಅಲಾರಂ ವಾರವಿಡೀ ಸುಳ್ಳೇ ಕೂಗ್ತಿತ್ತು. ರಾತ್ರಿ ಪಾಳಿಯಲ್ಲಿ ತಲೆಕೆಟ್ಟು ಹೂಟರ್ ಬಾಯಿಗೆ ಹತ್ತಿ ತುರುಕಿದೆ. ಅವತ್ತೇ ನೀರು ನಿಜವಾಗಿ ಇಳಿದಿತ್ತು. ಹೆಲ್ಪರ್ ಹುಡುಗ ಗೇಜ್ ಗ್ಲಾಸ್ ನೋಡಿ ಓಡಿಬಂದ, ಹೇಗೋ ಬಚಾವಾದೆವು. ಹತ್ತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಲಾಗ್‌ಬುಕ್‌ನಲ್ಲಿ ಬರೆಯಲಿಲ್ಲ.