ಡೇಸಿಯೊಬ್ಬಳನ್ನೇ ದೂರಿದರೆ ಹೇಗೆ?

ಲೇಖನ ಇಷ್ಟವಾಯಿತು ಸರ್. ಆದರೆ ಅಮೆರಿಕದ ಲೇಖಕ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯ (1925) ದುರಂತಕ್ಕೆಲ್ಲ ನಾಯಕಿ ಡೇಸಿಯ ದುಡ್ಡಿನಾಸೆಯೇ ಕಾರಣ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ.

ಪ್ಲಾಜಾ ಹೋಟೆಲ್ಲಿನ ಆ ಸುಡುಸೆಕೆಯ ಮಧ್ಯಾಹ್ನವನ್ನು ಇನ್ನೊಮ್ಮೆ ಓದಿ. ಡೇಸಿ ಈಗ ತನ್ನನ್ನು ಪ್ರೀತಿಸಿದರಷ್ಟೇ ಅವಳ ಹಳೆಯ ಪ್ರೇಮಿ ಗ್ಯಾಟ್ಸ್‌ಬಿಗೆ ಸಾಲದು; ಗಂಡ ಟಾಮ್‌ನನ್ನು ಯಾವತ್ತೂ ಪ್ರೀತಿಸಿಯೇ ಇರಲಿಲ್ಲ ಎಂದು ಅವನ ಮುಖಕ್ಕೇ ಹೇಳಬೇಕು. ಮೂರು ವರ್ಷದ ಸಂಸಾರ, ಪುಟ್ಟ ಮಗಳು, ಎಲ್ಲವನ್ನೂ ಅಳಿಸಿಬಿಡು ಅಂದಹಾಗಲ್ಲವೇ ಇದು? ಒತ್ತಾಯಕ್ಕೆ ಒಮ್ಮೆ ಹೇಳುತ್ತಾಳೆ, ಆಮೇಲೆ ತಡೆಯಲಾರದೆ ಅತ್ತು, ಹಿಂದೆ ಟಾಮ್‌ನನ್ನೂ ಪ್ರೀತಿಸಿದ್ದೆ ಅಂತ ಒಪ್ಪಿಕೊಳ್ಳುತ್ತಾಳೆ. ನನಗೆ ಆಕೆ ಅತ್ಯಂತ ಪ್ರಾಮಾಣಿಕಳಾಗಿ ಕಾಣುವುದು ಅಲ್ಲೇ.

ಟಾಮ್ ಗೆಲ್ಲುವುದಂತೂ ಪ್ರೀತಿಯಿಂದಲ್ಲ. ಅಮೆರಿಕದಲ್ಲಿ ಆಗ ಪಾನನಿಷೇಧ. ಗ್ಯಾಟ್ಸ್‌ಬಿಯದು ಔಷಧಿ ಅಂಗಡಿಗಳ ಮರೆಯಲ್ಲಿ ಕಳ್ಳಮದ್ಯ ಮಾರಿ ಗಳಿಸಿದ ದುಡ್ಡು ಎಂದು ಬಯಲುಮಾಡಿ ಎದುರಾಳಿಯನ್ನು ಮುಗಿಸುತ್ತಾನೆ. ಟಾಮ್‌ನ ಮನೆತನದ ಆಸ್ತಿ ಎಲ್ಲಿಂದ ಬಂತೆಂದು ಕೇಳುವವರೇ ಇಲ್ಲ! ಮುಂದೆ ಟಾಮ್‌ನ ಪ್ರೇಯಸಿ ಮರ್ಟಲ್ ಕಾರಿಗೆ ಸಿಕ್ಕಿ ಸತ್ತಾಗ, ಆ ಕಾರು ಗ್ಯಾಟ್ಸ್‌ಬಿಯದೆಂದು ಅವಳ ಗಂಡ ವಿಲ್ಸನ್‌ಗೆ ಹೇಳಿಕೊಟ್ಟು ಗ್ಯಾಟ್ಸ್‌ಬಿಯ ಕೊಲೆಗೆ ದಾರಿಮಾಡಿದವನೂ ಅವನೇ.

ಡೇಸಿಯದು ತಪ್ಪಿಲ್ಲ ಅನ್ನುತ್ತಿಲ್ಲ. ಮರ್ಟಲ್‌ಗೆ ಕಾರು ಗುದ್ದಿಸಿ ನಿಲ್ಲಿಸದೆ ಹೋದಳು, ಗ್ಯಾಟ್ಸ್‌ಬಿಯ ಶವಸಂಸ್ಕಾರಕ್ಕೆ ಒಂದು ಹೂವನ್ನೂ ಕಳಿಸಲಿಲ್ಲ. ಆದರೂ ಅಷ್ಟು ದೊಡ್ಡ ಲೇಖನದಲ್ಲಿ ಟಾಮ್‌ಗೆ ಎರಡೇ ಸಾಲು ಕೊಟ್ಟಿದ್ದು ಅನ್ಯಾಯ.