ಮೊದಲ ಸಾಲಿನ ಹಣ್ಣೆಲೆಗಳು

ಮೊನ್ನೆ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಕವಿಗೋಷ್ಠಿ. ಹೋದ ಕೂಡಲೇ ನನ್ನ ಕೈಗೆ ಸಕ್ಕರೆ ಹಾಕದ ಚಾ ಬಂತು. ಬೇಕಾ ಬೇಡ್ವಾ ಎಂದು ಕೇಳಲೇ ಇಲ್ಲ. ತಲೆ ನೋಡಿದರು, ಕೊಟ್ಟರು. ನನಗೆ ಶುಗರ್ ಇಲ್ಲ ಮಾರಾಯ್ರೆ! ಆಮೇಲೆ "ಹಿರಿಯರು ಮುಂದೆ ಬನ್ನಿ" ಎಂದು ಮೊದಲ ಸಾಲಿನಲ್ಲಿ ಕೂರಿಸಿದರು. ಮರ್ಯಾದೆಗಲ್ಲ, ಕವಿಗಳಿಗೆ ಕೈ ತೋರಿಸಲು ಅನುಕೂಲವಾಗಲಿ ಎಂದು.

ಅವತ್ತಿನ ವಿಷಯ ಮುಪ್ಪು. ಓದಿದವರೆಲ್ಲ ಮೀಸೆ ಮೂಡಿದ ಹೊಸಬರು. ಅವರಿಗೆ ಮುಪ್ಪೆಂದರೆ ಮುಸ್ಸಂಜೆ, ತಪ್ಪಿದರೆ ಆರುವ ದೀಪ. ಮಂಡಿನೋವು ಒಬ್ಬನ ಕವಿತೆಯಲ್ಲೂ ಇಲ್ಲ. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಸ್ಟ್ರಿಪ್ಪಿನ ತೂತು ಎಣಿಸುವ ಕಷ್ಟವೂ ಇಲ್ಲ.

ಒಬ್ಬ ಹುಡುಗನ ಪಲ್ಲವಿ "ಉದುರಲಿರುವ ಹಣ್ಣೆಲೆಗಳೇ" ಎಂದು. ಅದು ಬಂದಾಗಲೆಲ್ಲ ಬಲಗೈ ಚಾಚಿ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ ಗುಡಿಸುತ್ತಿದ್ದ. ತಲೆಗೆ ಬಣ್ಣ ಹಚ್ಚಿ ಬಂದವರೊಬ್ಬರು, ಎಲೆ ಹಿಂದಿನ ಸಾಲಿನಲ್ಲಿರಬೇಕು ಎಂಬಂತೆ ತಿರುಗಿ ನೋಡಿದರು. ಇನ್ನೊಬ್ಬರು ಕೈ ಬರುವ ಹೊತ್ತಿಗೆ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದರು. ಬಗ್ಗುವುದು ಸುಲಭ. ನೆಟ್ಟಗಾಗುವಷ್ಟರಲ್ಲಿ ಮುಂದಿನ ಪಲ್ಲವಿ ಬಂದುಬಿಟ್ಟಿತ್ತು.

ನನ್ನ ಪಕ್ಕದಲ್ಲಿದ್ದದ್ದು ಕವಿಯ ಅಪ್ಪ. "ಮಾಷ್ಟ್ರೆ, ಇವ ತೋಟಕ್ಕೆ ಇಳಿದವನೇ ಅಲ್ಲ. ಅಡಿಕೆ ಮರದ ಹಾಳೆ ಬಿದ್ರೆ ನಾವು ತಲೆಗೆ ಮುಟ್ಟಾಳೆ ಮಾಡ್ತೇವೆ, ತಟ್ಟೆ ಮಾಡ್ತೇವೆ. ಬಿದ್ದದ್ದಕ್ಕೆಲ್ಲ ಕೂಗ್ಲಿಕ್ಕೆ ಕೂತ್ರೆ ಕೃಷಿ ಆಗ್ತದಾ?" ಎಂದು ಗೊಣಗಿದರು.

ಹಳಬರು ಹೀಗೆ ತೇಲಿಸಿ ಬರೆದವರಲ್ಲ. 12ನೇ ಶತಮಾನದ ಬಸವಣ್ಣನವರು ನರೆ, ಸುಕ್ಕು, ಹೋದ ಹಲ್ಲು, ಬಾಗಿದ ಬೆನ್ನು ಎಲ್ಲವನ್ನೂ ಹೇಳಿ 'ಕಾಲ ಮೇಲೆ ಕೈಯನೂರಿ' ಎನ್ನುತ್ತಾರೆ. ಕುರ್ಚಿಯಿಂದ ಏಳುವಾಗ ನಾವು ಮಾಡುವುದು ಅದನ್ನೇ ಅಲ್ವಾ? ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಗೂದಲಾಗಿ ದಶರಥನ ಕಿವಿಯ ಹತ್ತಿರ ಬರುತ್ತದೆ. ರಾಜ್ಯವನ್ನು ರಾಮನಿಗೆ ಕೊಡು ಎಂದು, ಕೈಕೇಯಿಗೆ ಹೆದರಿದಂತೆ, ಗುಟ್ಟಾಗಿ ಹೇಳುತ್ತದೆ. ಎಂಥ ಸೌಜನ್ಯ! ಇವನು ಮೈಕಿನಲ್ಲಿ ಹೇಳುತ್ತಿದ್ದಾನೆ.

ಕವಿ ಕಯ್ಯಾರ ಕಿಂಞಣ್ಣ ರೈಗಳು ಇಲ್ಲೇ ಪೆರಡಾಲದವರು. 1915ರಲ್ಲಿ ಹುಟ್ಟಿ, ನೂರು ತುಂಬಿಸಿಯೇ 2015ರಲ್ಲಿ ಹೋದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹಟ ಮಾತ್ರ ಬಿಡಲಿಲ್ಲ. ಅವರ ಕಡೆ ಕೈ ಚಾಚಿ 'ಹಣ್ಣೆಲೆ' ಎನ್ನುವ ಧೈರ್ಯ ಯಾರಿಗಿತ್ತು?

ಆದರೂ ಒಂದು ಸಾಲು ನಾಟಿತು. "ಅಪ್ಪ ಈಗೀಗ ನನ್ನನ್ನು ಬೈಯುವುದೇ ಇಲ್ಲ" ಎಂದ ಹುಡುಗ. ಪಕ್ಕದ ಗೊಣಗಾಟ ನಿಂತಿತು. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಫೋನಿನಲ್ಲಿ "ಊಟ ಆಯ್ತಾ" ಬಿಟ್ಟರೆ ನಮ್ಮಿಬ್ಬರಿಗೂ ಮಾತಿಲ್ಲ. ಬೈಯಲಿಕ್ಕೂ ಒಂದು ಸಲಿಗೆ ಬೇಕಲ್ಲ. ಹೀಗೆ ಯೋಚಿಸುವಷ್ಟರಲ್ಲಿ ಆ ಕೈ ಮತ್ತೆ ಬಂತು.

ಚಪ್ಪಾಳೆ ಮುಗಿದ ಮೇಲೆ ಹುಡುಗ ಇಳಿದು ಬಂದ.

"ಹೇಗಾಯ್ತು ಅಪ್ಪಾ?"

"ಮೈಕ್ ಲಾಯ್ಕಿತ್ತು. ನಾಳೆ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಉಂಟಲ್ಲ, ಮೈಲುತುತ್ತು ತಂದೆಯಾ?"

ಹುಡುಗ ತಲೆ ತುರಿಸಿಕೊಂಡ.

"ಮರೆತದ್ದಾ? ತಲೆಯಲ್ಲಿ ಎಂತ ಉಂಟು ನಿನಗೆ?" ಎಂದು ಅವರು ಎಲ್ಲರ ಎದುರೇ ಶುರು ಮಾಡಿದರು. ನಾನೂ ನಡುವೆ ಎರಡು ಮಾತು ಸೇರಿಸಿದೆ.