ಊರಿನ ಕಥೆ ಊರಿಗೇ ಗೊತ್ತಿರುವುದಿಲ್ಲ

ಹಳ್ಳಿಗೆ ಹೋಗಿ ನಾಲ್ಕು ಫೋಟೊ ತೆಗೆದು, ಕಣ್ಣೀರು ಹಾಕಿದ ಅಜ್ಜಿಯ ಎರಡು ಮಾತು ಬರೆದುಕೊಂಡು ನಗರಕ್ಕೆ ಮರಳುವುದನ್ನೇ ನಾವು ಗ್ರಾಮೀಣ ವರದಿ ಅಂದುಕೊಂಡಿದ್ದೇವೆ. ಓದಿದವರು ಮರುಗುತ್ತಾರೆ, ಶೇರ್ ಮಾಡುತ್ತಾರೆ. ಅಜ್ಜಿಯ ಪಕ್ಕದ ಮನೆಯವರಿಗೆ ಮಾತ್ರ ಅದು ತಲುಪಿರುವುದೇ ಇಲ್ಲ.

1967ರಲ್ಲಿ ಕೆನಡಾದ ಫೋಗೋ ದ್ವೀಪದಲ್ಲಿ ಮೀನುಗಾರಿಕೆ ಸೊರಗಿತ್ತು. ಜನರನ್ನು ಅಲ್ಲಿಂದ ಎಬ್ಬಿಸಿ ಬೇರೆಡೆ ನೆಲೆಗೊಳಿಸುವ ಯೋಚನೆ ಸರ್ಕಾರದ್ದು. ಅಲ್ಲಿಗೆ ಹೋದ ನಿರ್ದೇಶಕ ಕಾಲಿನ್ ಲೋ ಒಂದು ದೊಡ್ಡ ಸಾಕ್ಷ್ಯಚಿತ್ರದ ಬದಲು ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಚಿತ್ರ ಮಾಡಿದರು. ಮಾತಾಡಿದವರಿಗೇ ಮೊದಲು ತೋರಿಸಿ ಒಪ್ಪಿಗೆ ಪಡೆದು, ಆಮೇಲೆ ದ್ವೀಪದ ಊರೂರಲ್ಲೂ ತೋರಿಸಿದರು. ಒಬ್ಬರಿಗೊಬ್ಬರು ಅಷ್ಟಕ್ಕಷ್ಟೇ ಆಗಿದ್ದ ಊರುಗಳಿಗೆ ತಮ್ಮೆಲ್ಲರ ಗೋಳೂ ಒಂದೇ ಎಂದು ಗೊತ್ತಾಗಿದ್ದು ಪರದೆಯ ಮೇಲೆ! ಮಂತ್ರಿಯ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದರು. ಜನ ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಎಲ್ಲವೂ ಸಿನಿಮಾದಿಂದಲೇ ಆಯಿತು ಅನ್ನುತ್ತಿಲ್ಲ. ಸಂಘದ ಮಾತು ಅಲ್ಲಿ ಮೊದಲೇ ಇತ್ತು, ಒಬ್ಬರದು ಇನ್ನೊಬ್ಬರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ.

ರಾಜಸ್ಥಾನದಲ್ಲಿ 1994ರಲ್ಲಿ ಶುರುವಾದ ಜನಸುನವಾಯಿಗಳು, ಅಂದರೆ ಊರಿನವರ ಬಹಿರಂಗ ವಿಚಾರಣೆಯ ಸಭೆಗಳು, ನೆನಪಾಗುತ್ತವೆ. ಕಾಮಗಾರಿಯ ಹಾಜರಿ ಪಟ್ಟಿಯನ್ನು ಊರಿನವರ ಮುಂದೆ ಗಟ್ಟಿಯಾಗಿ ಓದುವುದು, ಅಷ್ಟೇ ಕೆಲಸ. ಕೂಲಿಗೇ ಹೋಗದವರ ಹೆಸರಲ್ಲಿ ಹಣ ಎತ್ತಿದ್ದು ಅಲ್ಲೇ ಬಯಲಾಗುತ್ತಿತ್ತು. ಅದನ್ನು ಪತ್ರಿಕೋದ್ಯಮ ಅನ್ನಬಹುದಾ? ನಾನಂತೂ ಅನ್ನುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇರುವುದು ಅಂಥ ಸಭೆಗಳಲ್ಲಿ.

ಆದರೆ ಅಲ್ಲೇ ಹುಟ್ಟಿ ಅಲ್ಲೇ ಬದುಕುವವರು ಬರೆಯುವುದು ಬೇರೆಯದೇ ಕಷ್ಟ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಶುರುವಾದ 'ಖಬರ್ ಲಹರಿಯಾ' ಪತ್ರಿಕೆಯ ಹೆಣ್ಣುಮಕ್ಕಳು ಅಲ್ಲಿನ ಆಡುಮಾತು ಬುಂದೇಲಿಯಲ್ಲಿ ಸುದ್ದಿ ಬರೆದರು. ಹೊರಗಿನ ವರದಿಗಾರ ಬರೆದು ಬಸ್ಸು ಹತ್ತಿಬಿಡಬಹುದು, ಸ್ಥಳೀಯಳು ಬೆಳಗಾದರೆ ತಾನು ಯಾರ ಬಗ್ಗೆ ಬರೆದಳೋ ಅದೇ ಪಂಚಾಯಿತಿ ಮುಖ್ಯಸ್ಥನ ಮನೆ ಮುಂದೆ ನಡೆದುಹೋಗಬೇಕು. 'ಸಮುದಾಯದ ದನಿ' ಎಂದು ಭಾಷಣ ಬಿಗಿಯುವವರು ಅವಳ ಸಂಬಳದ ಬಗ್ಗೆ, ಕೇಸು ಬಿದ್ದರೆ ವಕೀಲರ ಬಗ್ಗೆ ಮಾತಾಡಿದ್ದು ನಾನು ಕೇಳಿದ್ದು ಕಡಿಮೆ.

ಇನ್ನು ಊರಿನವರೇ ತಮಗಾಗಿ ನಡೆಸುವ ಸಮುದಾಯ ರೇಡಿಯೊ. ತೆಲಂಗಾಣದ ಮಾಚನೂರಿನಲ್ಲಿ ದಲಿತ ಮಹಿಳೆಯರು ನಡೆಸುವ ಸಂಗಂ ರೇಡಿಯೊ 2008ರಿಂದ ಬಿತ್ತನೆ ಬೀಜ, ಬೆಳೆ, ಹಾಡು ಎಲ್ಲ ಬಿತ್ತರಿಸುತ್ತಾ ಬಂದಿದೆ. ನಮ್ಮ ದೇಶದ ನಿಯಮದ ಪ್ರಕಾರ ಇಂಥ ಕೇಂದ್ರಗಳು ಸ್ವಂತ ರಾಜಕೀಯ ಸುದ್ದಿ ಓದುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯದನ್ನು ಹಾಗೇ ಹಾಕಬಹುದು. ದೆಹಲಿಯ ಸುದ್ದಿ ಹಳ್ಳಿಗೆ ಬರಬಹುದಂತೆ, ತಮ್ಮದೇ ಪಂಚಾಯಿತಿಯ ಸುದ್ದಿ ಮಾತ್ರ ಬೇಡವಂತೆ.